ನಡೆಯದ ಕಳ್ಳತನವನ್ನು ಎಣಿಸುವುದು ಹೇಗೆ? ಅಪರಾಧ ತಡೆಯಲ್ಲಿ ಇನ್ನೂ ಉಳಿದಿರುವ ಪ್ರಶ್ನೆಗಳು

ಪ್ರಶ್ನೆ: ನಾನು ಅಪರಾಧಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಪಿಎಚ್‌ಡಿಗೆ ಅಪರಾಧ ತಡೆಯ ವಿಷಯ ತೆಗೆದುಕೊಳ್ಳಬೇಕೆಂದಿದ್ದೇನೆ. ಕೇಳಿದವರೆಲ್ಲ, "ಕೃತಕ ಬುದ್ಧಿಮತ್ತೆಯಿಂದ ಅಪರಾಧವನ್ನು ಮೊದಲೇ ಊಹಿಸುವುದು, ಅದನ್ನೇ ತಗೋ" ಅನ್ನುತ್ತಾರೆ. ಆದರೆ ಓದುತ್ತಾ ಹೋದಂತೆ ಗಸ್ತು, ಕ್ಯಾಮೆರಾ, ಬೀದಿ ದೀಪ, ಮಕ್ಕಳಿಗೆ ತಿಳಿವಳಿಕೆ, ಎಲ್ಲದರ ಮೇಲೂ ಸಂಶೋಧನೆ ಆಗಿಹೋಗಿದೆ ಅನ್ನಿಸುತ್ತಿದೆ. ನಿಜಕ್ಕೂ ಉಳಿದಿರುವುದು ಏನು? ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕು?

ಉತ್ತರ:

ನಿಮ್ಮ ಪತ್ರ ಓದಿ ಸಣ್ಣಗೆ ನಗು ಬಂತು. ನಾನು ಈ ಕ್ಷೇತ್ರಕ್ಕೆ ಕಾಲಿಟ್ಟಾಗಲೂ ಹೀಗೇ ಅನ್ನಿಸಿತ್ತು. ಎಲ್ಲ ಆಗಿಹೋಗಿದೆ, ನನಗೇನು ಉಳಿದಿದೆ ಅಂತ. ಗ್ರಂಥಾಲಯದ ಕಪಾಟು ತುಂಬಿದೆ, ನಿಜ. ಆದರೆ ಕೇರಿ ನೋಡಿದರೆ ಗಟ್ಟಿ ಕಾಳಿಗಿಂತ ಜೊಳ್ಳೇ ಜಾಸ್ತಿ.

ಯಾಕೆ ಹೀಗೆ? ಈ ವಿಷಯದ ಬುಡದಲ್ಲೇ ಒಂದು ತೊಡಕಿದೆ. ಕಳ್ಳತನ ನಡೆದರೆ ದೂರು ಇರುತ್ತದೆ, ದಾಖಲೆ ಇರುತ್ತದೆ, ಒಡೆದ ಬೀಗ ಇರುತ್ತದೆ. ನಡೆಯದೆ ಹೋದ ಕಳ್ಳತನಕ್ಕೆ ಏನಿರುತ್ತದೆ? ಏನೂ ಇಲ್ಲ. ನಾವು ಅಳೆಯಬೇಕಾದದ್ದು ಮಾತ್ರ ಅದನ್ನೇ. ಒಂದು ಬೀದಿಗೆ ಕ್ಯಾಮೆರಾ ಹಾಕಿದರು, ಆರು ತಿಂಗಳಲ್ಲಿ ಕಳ್ಳತನ ಇಳಿಯಿತು ಅಂತ ಇಟ್ಟುಕೊಳ್ಳಿ. ಕ್ಯಾಮೆರಾದಿಂದಲೇ ಇಳಿದದ್ದಾ? ಅಥವಾ ಅಲ್ಲಿ ಕದಿಯುತ್ತಿದ್ದ ಇಬ್ಬರು ಅಷ್ಟರಲ್ಲಿ ಜೈಲು ಸೇರಿದ್ದರಾ? ಅಥವಾ ಹಿಂದಿನ ವರ್ಷ ಯಾವುದೋ ಕಾರಣಕ್ಕೆ ವಿಪರೀತ ಏರಿದ್ದು ಈ ವರ್ಷ ತಾನಾಗಿಯೇ ತಗ್ಗಿತಾ? ಕ್ಯಾಮೆರಾ ಹಾಕುವುದು ಸಾಮಾನ್ಯವಾಗಿ ಕಳ್ಳತನ ತುಂಬಾ ಏರಿದಾಗಲೇ ಅಲ್ವಾ? ಏರಿದ್ದು ಮತ್ತೆ ಇಳಿಯಲೇಬೇಕು. ಕೀರ್ತಿ ಮಾತ್ರ ಕ್ಯಾಮೆರಾಕ್ಕೆ.

ಹಾಗಾಗಿ ಕ್ಯಾಮೆರಾ ಇಲ್ಲದ, ಉಳಿದೆಲ್ಲದರಲ್ಲಿ ಅದೇ ತರಹದ ಇನ್ನೊಂದು ಬೀದಿ ಬೇಕು. ಯಾವ ಬೀದಿಗೆ ಕ್ಯಾಮೆರಾ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದರೆ ಇನ್ನೂ ಒಳ್ಳೆಯದು. ಕಪಾಟಿನಲ್ಲಿರುವ ಬಹುಪಾಲು ಅಧ್ಯಯನಗಳಲ್ಲಿ ಈ ಹೋಲಿಕೆಯೇ ಇಲ್ಲ. ಇದ್ದ ಕಡೆ ದೊಡ್ಡ ದೊಡ್ಡ ನಂಬಿಕೆಗಳೇ ತಲೆಕೆಳಗಾಗಿವೆ. 1972-73ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 15 ಬೀಟ್‌ಗಳನ್ನು, ಅಂದರೆ ಗಸ್ತಿನ ವಲಯಗಳನ್ನು, ಮೂರು ಗುಂಪು ಮಾಡಿದರು. ಒಂದರಲ್ಲಿ ವಾಹನ ಗಸ್ತು ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು. ಇನ್ನೊಂದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಏರಿಸಿದರು. ಮತ್ತೊಂದನ್ನು ಇದ್ದ ಹಾಗೇ ಬಿಟ್ಟರು. ಅಪರಾಧದಲ್ಲೂ ಜನರ ಭಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಗಸ್ತೇ ದಂಡ ಅನ್ನಬೇಡಿ. ಆಮೇಲೆ ಅಮೆರಿಕದ್ದೇ ಮಿನಿಯಾಪೊಲಿಸ್ ನಗರದಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಅವರ ಜೊತೆಗಾರರು ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸದ ಲೆಕ್ಕದಲ್ಲಿ ಜೋಡಿಸಿ ನೋಡಿದರು. ನಗರದ ಸುಮಾರು 3 ಶೇಕಡಾ ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬರುತ್ತಿದ್ದವು. ಗಸ್ತು ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದೇ ಮುಖ್ಯ ಅಂತ ಆಗ ಗೊತ್ತಾಯಿತು. ಅಪರಾಧ ಗುಂಪುಗೂಡುವ ಕೆಲವೇ ಜಾಗಗಳ ಮೇಲೆ ಕಣ್ಣಿಡುವ ಇವತ್ತಿನ 'ಹಾಟ್‌ಸ್ಪಾಟ್' ಗಸ್ತು ಬೆಳೆದದ್ದು ಈ ಲೆಕ್ಕದ ಮೇಲೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನನ್ನು ಕೇಳಿದರೆ ಮೊದಲ ಸ್ಥಾನ ಯಾವ ಹೊಸ ಉಪಾಯಕ್ಕೂ ಅಲ್ಲ. ನಾವು ಒಳ್ಳೆಯದೆಂದು ಮಾಡುತ್ತಿರುವ ಕೆಲಸ ಯಾರಿಗಾದರೂ ಕೆಡುಕು ಮಾಡುತ್ತಿದೆಯಾ ಅನ್ನುವ ಪ್ರಶ್ನೆಗೆ.

ಇದು ಅತಿಯಾಯಿತು ಅನ್ನಿಸಿದರೆ ಒಂದು ಹಳೆಯ ಕಥೆ ಕೇಳಿ. ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಅಮೆರಿಕದ ಕೇಂಬ್ರಿಜ್ ಮತ್ತು ಸಾಮರ್ವಿಲ್ ಊರುಗಳಲ್ಲಿ ಒಂದು ಯೋಜನೆ ಹಾಕಿದರು. 506 ಹುಡುಗರು. ಒಂದೇ ತರಹದ ಇಬ್ಬಿಬ್ಬರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ನೆರವು, ಇನ್ನೊಬ್ಬನಿಗೆ ಇಲ್ಲ ಅಂತ ಗೊತ್ತು ಮಾಡಿದರು. ನೆರವು ಅಂದರೆ ಸುಮ್ನೆ ಒಂದು ಭಾಷಣ ಅಲ್ಲ. ಸಲಹೆಗಾರರು ತಿಂಗಳಿಗೆ ಎರಡು ಸಲ ಮನೆಗೆ ಹೋಗುತ್ತಿದ್ದರು. ಪಾಠ ಹೇಳಿಸಿದರು, ವೈದ್ಯರಿಗೆ ತೋರಿಸಿದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು. 1939ರಿಂದ 1945ರವರೆಗೆ ಇದು ನಡೆಯಿತು. ಸುಮಾರು ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ ಹೊರಟರು. ಅವರೆಲ್ಲ ಆಗ ನಡುವಯಸ್ಸಿನ ಗಂಡಸರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ, "ನಮಗೆ ಅದರಿಂದ ಒಳ್ಳೆಯದಾಯಿತು" ಅಂದರು. ಆದರೆ ದಾಖಲೆಗಳು ಬೇರೆಯೇ ಹೇಳುತ್ತಿದ್ದವು. ನೆರವು ಸಿಗದವರಿಗಿಂತ ಇವರಲ್ಲೇ ಎರಡನೇ ಸಲ ಅಪರಾಧ ಮಾಡಿದವರು ಹೆಚ್ಚು. ಕುಡಿತಕ್ಕೆ ಬಿದ್ದವರ ಲಕ್ಷಣ ಹೆಚ್ಚು. ತೀರಿಕೊಂಡವರು ಇವರಲ್ಲೇ ಕಿರಿಯ ವಯಸ್ಸಿಗೆ ತೀರಿಕೊಂಡಿದ್ದರು. 1978ರಲ್ಲಿ ಮೆಕಾರ್ಡ್ ಇದನ್ನು ಪ್ರಕಟಿಸಿದಾಗ ಕ್ಷೇತ್ರದವರಿಗೆ ನುಂಗಲಾರದ ತುತ್ತಾಯಿತು.

ಯಾಕೆ ಹೀಗಾಯಿತು? ಆಮೇಲಿನ ವಿಶ್ಲೇಷಣೆ ಬೆರಳು ತೋರಿಸಿದ್ದು ಬೇಸಿಗೆ ಶಿಬಿರಗಳ ಕಡೆಗೆ. ದಾರಿ ತಪ್ಪುವ ಅಂಚಿನಲ್ಲಿದ್ದ ಹುಡುಗರನ್ನೆಲ್ಲ ಒಂದೇ ಕಡೆ ಕೂಡಿಹಾಕಿದರೆ ಒಬ್ಬರಿಂದ ಒಬ್ಬರು ಏನು ಕಲಿಯುತ್ತಾರೆ, ನೀವೇ ಯೋಚಿಸಿ.

ಇದರಲ್ಲಿ ನನ್ನನ್ನು ಕಾಡುವುದು ಎರಡು ಸಂಗತಿ. ನಾಣ್ಯ ಚಿಮ್ಮಿ ಹೋಲಿಕೆ ಗುಂಪು ಮಾಡಿರದಿದ್ದರೆ ಈ ಯೋಜನೆ ಇವತ್ತಿಗೂ ಮಾದರಿ ಅನ್ನಿಸಿಕೊಳ್ಳುತ್ತಿತ್ತು. ಮತ್ತೆ, ಫಲಾನುಭವಿಗಳ ಮೆಚ್ಚುಗೆಯನ್ನೇ ಫಲಿತಾಂಶ ಅಂದುಕೊಂಡಿದ್ದರೂ ಅಷ್ಟೇ. ಇವತ್ತು ಎಷ್ಟು ವರದಿಗಳಲ್ಲಿ "ಪಾಲ್ಗೊಂಡವರಲ್ಲಿ ಇಷ್ಟು ಶೇಕಡಾ ಜನ ಕಾರ್ಯಕ್ರಮ ಉಪಯುಕ್ತ ಅಂದರು" ಅನ್ನುವುದೇ ಕೊನೆಯ ಮಾತು, ಗಮನಿಸಿ.

ಇನ್ನೊಂದು ಉದಾಹರಣೆ ಚಿಕ್ಕದಾಗಿ. ಎಳೆಯರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದ ಬೈಸಿ, ಹೆದರಿಸಿ ತಿದ್ದುವ ಪದ್ಧತಿ 1970ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿತು. ಟಿವಿಯಲ್ಲಿ ನೋಡಲು ರೋಮಾಂಚನ. ಆಂಥನಿ ಪೆಟ್ರೊಸಿನೊ ಮತ್ತು ಜೊತೆಗಾರರು ಚೀಟಿ ಎತ್ತಿ ಮಾಡಿದ 9 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆದರಿಸಿ ಕಳಿಸಿದ ಮಕ್ಕಳು, ಏನೂ ಮಾಡದೆ ಬಿಟ್ಟ ಮಕ್ಕಳಿಗಿಂತ ಆಮೇಲೆ ಹೆಚ್ಚು ಅಪರಾಧ ಮಾಡಿದ್ದರು. ಸುಮ್ನೆ ಮನೆಯಲ್ಲಿ ಇರಲು ಬಿಟ್ಟಿದ್ದರೇ ವಾಸಿಯಾಗಿತ್ತು.

ಔಷಧಕ್ಕೆ ಅಡ್ಡ ಪರಿಣಾಮದ ಪಟ್ಟಿ ಇರುತ್ತದೆ. ಅಪರಾಧ ತಡೆಯ ಕಾರ್ಯಕ್ರಮಕ್ಕೆ ಇಲ್ಲ. ಯಾವ ಕೆಡುಕು ಆಗಬಹುದು, ಅದನ್ನು ಯಾವ ಲೆಕ್ಕದಿಂದ ಗುರುತಿಸುತ್ತೇವೆ ಅಂತ ಶುರುವಿನಲ್ಲೇ ಬರೆದಿಟ್ಟು ನಡೆಸಿದ ಅಧ್ಯಯನಗಳು ಬಹಳ ಕಡಿಮೆ. ಒಂದು ಕಾರ್ಯಕ್ರಮವನ್ನು ಕಟ್ಟಿದವರೇ ಅದರ ಮೌಲ್ಯಮಾಪನ ಮಾಡಿದಾಗ ಫಲ ದೊಡ್ಡದಾಗಿ ಕಾಣುವುದನ್ನೂ ಮತ್ತೆ ಮತ್ತೆ ನೋಡಿದ್ದೇವೆ. ಮೋಸ ಅಂತಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಅಷ್ಟೇ. ಹೊರಗಿನವರು ಕೆಡುಕನ್ನು ಹುಡುಕುತ್ತಾ ಕೂರುವ ಕೆಲಸಕ್ಕೆ ಜನ ಬೇಕು.

ಎರಡನೆಯದು ಎಣಿಕೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬೇರೆ ಎಲ್ಲದಕ್ಕೂ ಇದೇ ತಳಪಾಯ.

ನಮ್ಮ ಕೈಗೆ ಸುಲಭವಾಗಿ ಸಿಗುವುದು ಪೊಲೀಸ್ ದಾಖಲೆ. ಆದರೆ ಅದು ನಡೆದ ಅಪರಾಧದ ಲೆಕ್ಕವಲ್ಲ. ಯಾರೋ ದೂರು ಕೊಡಬೇಕೆಂದುಕೊಂಡು, ಠಾಣೆಗೆ ಹೋಗಿ, ಅಲ್ಲಿನವರು ಬರೆದುಕೊಂಡ ಅಪರಾಧದ ಲೆಕ್ಕ. ಮೂರು ಮೆಟ್ಟಿಲಲ್ಲೂ ಸೋರಿಕೆ ಇದೆ. ತಮಾಷೆ ಏನೆಂದರೆ, ಒಳ್ಳೆಯ ಕೆಲಸ ಮಾಡಿದರೆ ಈ ಲೆಕ್ಕ ಏರಬಹುದು. ಮಧ್ಯಪ್ರದೇಶದ 180 ಪೊಲೀಸ್ ಠಾಣೆಗಳಲ್ಲಿ ನಡೆದ ಒಂದು ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿ ಆರಿಸಿದ ಠಾಣೆಗಳಲ್ಲಿ ಮಹಿಳೆಯರಿಗಾಗಿ ಸಹಾಯ ಡೆಸ್ಕ್ ತೆರೆದಿದ್ದರು. ಆ ಠಾಣೆಗಳಲ್ಲಿ ಮಹಿಳೆಯರ ದೂರುಗಳ ದಾಖಲಾತಿ ಏರಿತು. ಮಹಿಳಾ ಸಿಬ್ಬಂದಿ ನಡೆಸಿದ ಡೆಸ್ಕ್‌ಗಳಲ್ಲಿ ಎಫ್‌ಐಆರ್‌ಗಳೂ ಹೆಚ್ಚಿದವು. ಇದು ಗೆಲುವು. ಆದರೆ ವರ್ಷದ ಅಂಕಿಅಂಶದ ಹಾಳೆಯನ್ನಷ್ಟೇ ನೋಡುವವರಿಗೆ ಅಲ್ಲಿ ಮಹಿಳೆಯರ ಮೇಲಿನ ಅಪರಾಧ ಜಾಸ್ತಿಯಾದಂತೆ ಕಾಣುತ್ತದೆ. ಆ ಹಾಳೆ ಹಿಡಿದು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರೆ ಮುಂದಿನ ವರ್ಷ ಏನಾಗುತ್ತದೆ? ದೂರು ಬರೆದುಕೊಳ್ಳುವುದೇ ಕಡಿಮೆಯಾಗುತ್ತದೆ.

ಬೇರೆ ದಾರಿ ಇದೆಯಾ? ಇದೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಅಂತ ಒಬ್ಬ ಶಸ್ತ್ರಚಿಕಿತ್ಸಕರು. ಮುಖ, ದವಡೆ ಒಡೆದು ಬಂದವರಿಗೆ ಚಿಕಿತ್ಸೆ ಮಾಡುವವರು. ಹಲ್ಲೆಗೆ ಸಿಕ್ಕಿ ಆಸ್ಪತ್ರೆಗೆ ಬಂದವರಲ್ಲಿ ದೊಡ್ಡ ಪಾಲು ಪೊಲೀಸರ ಲೆಕ್ಕದಲ್ಲೇ ಇಲ್ಲ ಅನ್ನುವುದನ್ನು ಅವರು ಕಂಡುಕೊಂಡರು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೂರು ಸಣ್ಣ ಪ್ರಶ್ನೆ ಕೇಳಿಸಿದರು: ಎಲ್ಲಿ, ಯಾವಾಗ, ಯಾವುದರಿಂದ ಹೊಡೆದರು. ಹೆಸರು ತೆಗೆದು ಆ ಮಾಹಿತಿಯನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಟ್ಟರು. ಗಸ್ತಿನ ಜಾಗ ಬದಲಾಯಿತು, ಜಗಳ ಹೆಚ್ಚಿದ್ದ ಕುಡಿಯುವ ತಾಣಗಳ ಮೇಲೆ ಕಣ್ಣಿಟ್ಟರು. 2011ರಲ್ಲಿ ಪ್ರಕಟವಾದ ಲೆಕ್ಕದಂತೆ, ಅಂಥದೇ ಬೇರೆ ನಗರಗಳಿಗೆ ಹೋಲಿಸಿದರೆ ಹಿಂಸೆಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಸುಮಾರು 42 ಶೇಕಡಾ ಕಡಿಮೆಯಾಗಿತ್ತು. ಅದೇ ಹೊತ್ತಿಗೆ ಪೊಲೀಸರ ಪುಸ್ತಕದಲ್ಲಿ ಸಣ್ಣಪುಟ್ಟ ಹಲ್ಲೆಗಳ ಸಂಖ್ಯೆ ಏರಿತ್ತು! ಒಂದೇ ಊರು, ಒಂದೇ ಕೆಲಸ, ಎರಡು ಪುಸ್ತಕಗಳಲ್ಲಿ ಎರಡು ಕಥೆ. ಎರಡನ್ನೂ ಪಕ್ಕಪಕ್ಕ ಇಡದಿದ್ದರೆ ಯಾವುದನ್ನು ನಂಬುತ್ತಿದ್ದೆವು?

ಹೀಗೆ ಆಸ್ಪತ್ರೆ, ಶಾಲೆ, ವಿಮೆ, ಬ್ಯಾಂಕುಗಳ ಲೆಕ್ಕವನ್ನು ಪೊಲೀಸ್ ಲೆಕ್ಕದ ಪಕ್ಕ ಇಡುವುದು, ಜನರನ್ನೇ ನೇರವಾಗಿ ಕೇಳುವ ಸರ್ವೆಗಳನ್ನು ಸುಧಾರಿಸುವುದು, ಯಾರ ಹೆಸರೂ ಹೊರಬೀಳದಂತೆ ಇದನ್ನೆಲ್ಲ ಮಾಡುವುದು. ಇದು ಮಿಂಚುವ ವಿಷಯವಲ್ಲ, ಒಪ್ಪುತ್ತೇನೆ. ಸಮ್ಮೇಳನದಲ್ಲಿ ಚಪ್ಪಾಳೆ ಸಿಗುವುದಿಲ್ಲ. ಆದರೆ ನನ್ನ ಬಳಿ ಹಣ ಹಂಚುವ ಅಧಿಕಾರ ಇದ್ದಿದ್ದರೆ ಅರ್ಧ ಇಲ್ಲಿಗೇ ಹೋಗುತ್ತಿತ್ತು.

ಎಣಿಕೆಯ ಇನ್ನೊಂದು ಮುಖ ಸ್ಥಳಾಂತರ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಕಳ್ಳರು, ಇಲ್ಲಿ ತಡೆದರೆ ಅಲ್ಲಿ ಕದಿಯುತ್ತಾರೆ ಅನ್ನುವುದು ಎಲ್ಲರ ನಂಬಿಕೆ. ಆದರೆ ಲೆಕ್ಕ ಅಷ್ಟು ಸರಳವಾಗಿಲ್ಲ. ರಾಬ್ ಗೆರೆಟ್ ಮತ್ತು ಕೇಟ್ ಬೋವರ್ಸ್ 2009ರಲ್ಲಿ 102 ಅಧ್ಯಯನಗಳನ್ನು ಜಾಲಾಡಿದರು. ಸ್ಥಳಾಂತರ ಕಂಡದ್ದು ನೋಡಿದ ಸಂದರ್ಭಗಳಲ್ಲಿ 26 ಶೇಕಡಾ ಮಾತ್ರ. 27 ಶೇಕಡಾ ಸಂದರ್ಭಗಳಲ್ಲಿ ತದ್ವಿರುದ್ಧ: ತಡೆಯ ಒಳ್ಳೆಯ ಪರಿಣಾಮ ಅಕ್ಕಪಕ್ಕಕ್ಕೂ ಹರಡಿತ್ತು. ಇದರಿಂದ ನಮಗೆಲ್ಲ ಧೈರ್ಯ ಬಂತು. ಆಮೇಲೆ ಬಂತು ಬೊಗೊಟಾ. 2016ರಲ್ಲಿ ಕೊಲಂಬಿಯಾದ ಆ ರಾಜಧಾನಿಯಲ್ಲಿ 1,919 ಬೀದಿಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು. ಕೆಲವಕ್ಕೆ ದುಪ್ಪಟ್ಟು ಗಸ್ತು, ಕೆಲವಕ್ಕೆ ದೀಪ ಮತ್ತು ಸ್ವಚ್ಛತೆಯ ಕೆಲಸ, ಕೆಲವಕ್ಕೆ ಎರಡೂ. ಅಲ್ಲಿ ಆಸ್ತಿಗೆ ಸಂಬಂಧಿಸಿದ ಅಪರಾಧ ಪಕ್ಕದ ಬೀದಿಗಳಿಗೆ ಜಾರಿದಂತೆ ಕಂಡಿತು. ಒಟ್ಟು ಲಾಭ ಬಹಳ ಸಣ್ಣದು. ಕೊಲೆ ಮತ್ತು ಅತ್ಯಾಚಾರ ಮಾತ್ರ ನಗರದಲ್ಲಿ ಸ್ವಲ್ಪ ಇಳಿದಿರಬಹುದು ಅನ್ನುವ ಸುಳಿವು ಸಿಕ್ಕಿತು. ಲೆಕ್ಕ ಹಾಕಿ ಮಾಡುವ ಅಪರಾಧ ಜಾಗ ಬದಲಿಸುತ್ತದೆ, ಸಿಟ್ಟಿನ ಭರದಲ್ಲಿ ಆಗುವುದು ಬದಲಿಸುವುದಿಲ್ಲ ಅಂತ ಒಂದು ವಿವರಣೆ. ನಿಜ ಇರಬಹುದು. ಇದನ್ನೇ ಗುರಿಯಾಗಿಟ್ಟು ಪರೀಕ್ಷಿಸುವುದು ಒಳ್ಳೆಯ ಪಿಎಚ್‌ಡಿ ವಿಷಯ.

ಇಲ್ಲಿಂದ ಮೂರನೇ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಒಂದು ಊರಿನಲ್ಲಿ ಫಲ ಕೊಟ್ಟದ್ದು ಇನ್ನೊಂದು ಊರಿನಲ್ಲಿ ಕೊಡುತ್ತದಾ?

1981-82ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಮನೆಯೊಳಗಿನ ಹಲ್ಲೆಯ ಪ್ರಕರಣಗಳಲ್ಲಿ ಚೀಟಿ ಎತ್ತಿ ಮೂರು ದಾರಿ ಹಿಡಿದರು: ಬಂಧಿಸುವುದು, ಬುದ್ಧಿ ಹೇಳುವುದು, ಹೊಡೆದವನನ್ನು ಕೆಲವು ಗಂಟೆ ಮನೆಯಿಂದ ಹೊರಗೆ ಕಳಿಸುವುದು. ಬಂಧಿಸಿದ ಗುಂಪಿನಲ್ಲಿ ಮತ್ತೆ ಹೊಡೆದವರು ಕಡಿಮೆ. ಒಂದೇ ಪ್ರಯೋಗ, ಮುನ್ನೂರು ಚಿಲ್ಲರೆ ಪ್ರಕರಣ. ಆದರೂ ಅಮೆರಿಕದ ರಾಜ್ಯ ರಾಜ್ಯಗಳಲ್ಲಿ ಬಂಧನ ಕಡ್ಡಾಯ ಮಾಡುವ ಕಾನೂನುಗಳಿಗೆ ಅದು ಬಲ ಕೊಟ್ಟಿತು. ಆಮೇಲೆ ಬೇರೆ ಐದು ನಗರಗಳಲ್ಲಿ ಮತ್ತೆ ಮಾಡಿ ನೋಡಿದರೆ ಫಲಿತಾಂಶ ಕಲಸುಮೇಲೋಗರ. ಮಿಲ್ವಾಕಿಯಂಥ ಕಡೆ, ಕೆಲಸವಿಲ್ಲದ ಗಂಡಸರನ್ನು ಬಂಧಿಸಿದಾಗ ಹಿಂಸೆ ಇನ್ನೂ ಹೆಚ್ಚಿತು. ಕಳೆದುಕೊಳ್ಳಲು ಏನಾದರೂ ಇದ್ದವನಿಗೆ ಬಂಧನದ ಭಯ, ಏನೂ ಇಲ್ಲದವನಿಗೆ ಬರೀ ಸಿಟ್ಟು. ಪೆಟ್ಟು ತಿಂದದ್ದು ಮಾತ್ರ ಮನೆಯಲ್ಲಿದ್ದವರು.

ಪೊಲೀಸರು ಜನರ ಜೊತೆ ಸಭೆ, ಒಡನಾಟ ಇಟ್ಟುಕೊಂಡು ಕೆಲಸ ಮಾಡುವ ಸಮುದಾಯ ಪೊಲೀಸಿಂಗ್ ಕಥೆಯೂ ಇದೇ. ಶ್ರೀಮಂತ ದೇಶಗಳಲ್ಲಿ ಅದರ ಬಗ್ಗೆ ಒಳ್ಳೆಯ ಮಾತಿತ್ತು. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ, ಈ ಆರು ದೇಶಗಳಲ್ಲಿ ಒಟ್ಟೊಟ್ಟಿಗೆ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಬಂತು. ಪೊಲೀಸರ ಮೇಲಿನ ನಂಬಿಕೆಯೂ ಏರಲಿಲ್ಲ, ಅಪರಾಧವೂ ಇಳಿಯಲಿಲ್ಲ. ಅಧಿಕಾರಿಗಳು ಆಗಾಗ ವರ್ಗವಾಗುತ್ತಿದ್ದರು, ಜನ ಹೇಳಿದ ಸಮಸ್ಯೆಗೆ ಸ್ಪಂದಿಸಲು ಠಾಣೆಯಲ್ಲಿ ಸಾಧನವೇ ಇರಲಿಲ್ಲ. ಸಭೆ ಕರೆದು ಕಷ್ಟ ಕೇಳಿ, ಆಮೇಲೆ ಏನೂ ಮಾಡದಿದ್ದರೆ ನಂಬಿಕೆ ಎಲ್ಲಿಂದ ಬರಬೇಕು?

ಒಟ್ಟಿನಲ್ಲಿ ಈ ಕ್ಷೇತ್ರದ ಪುರಾವೆಯ ಬಹುಪಾಲು ಕೆಲವೇ ಶ್ರೀಮಂತ ದೇಶಗಳದ್ದು. ಜಗತ್ತಿನ ಬಹುಪಾಲು ಜನ ಇರುವುದು ಬೇರೆ ಕಡೆ. ಹಾಗಂತ ಎಲ್ಲವನ್ನೂ ಎಲ್ಲ ಕಡೆ ಮತ್ತೆ ಮಾಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ "ಫಲ ಕೊಟ್ಟಿತಾ?" ಅನ್ನುವುದರ ಜೊತೆಗೆ "ಯಾವ ದಾರಿಯಿಂದ ಕೊಟ್ಟಿತು?" ಅಂತಲೂ ಕೇಳಬೇಕು. 1986ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ ಮನೆಗಳ್ಳತನ ತಡೆಯುವ ಕೆಲಸ ಶುರುವಾಯಿತು. ಮೂರು ವರ್ಷದಲ್ಲಿ ಕಳ್ಳತನ ಮುಕ್ಕಾಲು ಪಾಲು ಇಳಿಯಿತು. ಅವರು ಮಾಡಿದ್ದೇನು? ಒಮ್ಮೆ ಕಳ್ಳತನವಾದ ಮನೆಗೇ ಮತ್ತೆ ಕಳ್ಳರು ಬರುತ್ತಾರೆ ಅನ್ನುವುದನ್ನು ಗಮನಿಸಿ ಆ ಮನೆಗಳಿಗೆ ಮೊದಲು ಬೀಗ ಭದ್ರ ಮಾಡಿದರು. ಸುತ್ತಲಿನ ಐದಾರು ಮನೆಯವರಿಗೆ ಕಣ್ಣಿಡಲು ಹೇಳಿದರು. ಮನೆಯೊಳಗೆ ನಾಣ್ಯ ಹಾಕುವ ಗ್ಯಾಸ್, ವಿದ್ಯುತ್ ಮೀಟರುಗಳಿದ್ದವು. ಕಳ್ಳರಿಗೆ ಅದೇ ಹುಂಡಿ. ಅವನ್ನು ತೆಗೆಸಿದರು. ಈಗ ಇದನ್ನು "ನೆರೆಹೊರೆಯ ಕಾವಲು" ಅಂತ ಒಂದೇ ಹೆಸರಿಟ್ಟು ಬೇರೆ ಊರಿಗೆ ಒಯ್ದರೆ? ಅಲ್ಲಿ ನಾಣ್ಯದ ಮೀಟರೇ ಇರುವುದಿಲ್ಲ. ನಕಲು ಮಾಡಿದ ಕಡೆಗಳಲ್ಲಿ ಫಲ ಒಂದೇ ತರಹ ಬರಲಿಲ್ಲ. ಒಯ್ಯಬೇಕಾದದ್ದು "ಒಮ್ಮೆ ಪೆಟ್ಟು ತಿಂದವರನ್ನು ಮೊದಲು ಕಾಪಾಡು" ಅನ್ನುವ ತಿರುಳನ್ನು. ಅಧ್ಯಯನಗಳು ಇದನ್ನು ಬಿಡಿಸಿ ಹೇಳದಿದ್ದರೆ ಓದಿದವರು ಹೆಸರನ್ನಷ್ಟೇ ಹೊತ್ತುಕೊಂಡು ಹೋಗುತ್ತಾರೆ.

ಕಾಲದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಹೆಚ್ಚಿನ ಅಧ್ಯಯನಗಳು ಒಂದು ವರ್ಷಕ್ಕೆ ಮುಗಿಯುತ್ತವೆ, ಅನುದಾನ ಮುಗಿಯುವುದೂ ಆಗಲೇ ಆದ್ದರಿಂದ. ಲೈಬೀರಿಯಾದ ಮನ್ರೋವಿಯಾದಲ್ಲಿ ಕಳ್ಳತನ, ಮಾದಕ ವಸ್ತು ಮಾರಾಟಗಳಲ್ಲಿದ್ದ 999 ಗಂಡಸರ ಜೊತೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಎಂಟು ವಾರಗಳ ಮನಃಚಿಕಿತ್ಸೆ, ಕೆಲವರಿಗೆ 200 ಡಾಲರ್ ನಗದು, ಕೆಲವರಿಗೆ ಎರಡೂ. ವರ್ಷದೊಳಗೆ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಲಾಭ ಕರಗತೊಡಗಿತ್ತು. ಎರಡೂ ಸಿಕ್ಕವರಲ್ಲಿ ಹತ್ತು ವರ್ಷದ ಮೇಲೂ ಅಪರಾಧ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಮೂರು ತಿಂಗಳಿಗೇ ಲೆಕ್ಕ ಮುಚ್ಚಿದ್ದರೆ ನಗದಿನ ಪಾತ್ರ ಗೊತ್ತೇ ಆಗುತ್ತಿರಲಿಲ್ಲ. ಅಮೆರಿಕದ ಪೆರಿ ಶಾಲಾಪೂರ್ವ ಯೋಜನೆಯಲ್ಲಿ 123 ಮಕ್ಕಳನ್ನು ನಲವತ್ತರ ವಯಸ್ಸಿನವರೆಗೂ ಹಿಂಬಾಲಿಸಿದರು. ಐದು ಅಥವಾ ಹೆಚ್ಚು ಸಲ ಬಂಧನವಾದವರು ಆ ಶಾಲಾಪೂರ್ವ ತರಗತಿಗೆ ಹೋದವರಲ್ಲಿ 36 ಶೇಕಡಾ, ಹೋಗದವರಲ್ಲಿ 55 ಶೇಕಡಾ. ಸಣ್ಣ ಗುಂಪು ಅನ್ನುವುದು ನೆನಪಿರಲಿ. ಹಳೆಯ ಪ್ರಯೋಗಗಳ ಜನರನ್ನು ಇಂದಿನ ದಾಖಲೆಗಳಲ್ಲಿ ಹುಡುಕಿ ಜೋಡಿಸುವುದಕ್ಕೆ ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ಇನ್ನು ಆನ್‌ಲೈನ್ ವಂಚನೆ. ಇಲ್ಲಿ ಕಪಾಟು ಹೆಚ್ಚೂಕಡಿಮೆ ಖಾಲಿ. ಅರ್ಧ ಶತಮಾನ ನಾವು ಬೀದಿ, ಬೀಗ, ಬೆಳಕು ಅಂತ ಅಧ್ಯಯನ ಮಾಡಿದೆವು. ಅಷ್ಟರಲ್ಲಿ ಕಳ್ಳತನ ಫೋನಿನೊಳಗೆ ಹೋಗಿ ಕೂತಿತು. ಎಚ್ಚರಿಕೆಯ ಸಂದೇಶ ಓದಿದವರು ನಿಜಕ್ಕೂ ಕಡಿಮೆ ಮೋಸ ಹೋಗುತ್ತಾರಾ? ಹಣ ಕಳಿಸುವ ಮುನ್ನ ಬ್ಯಾಂಕು ಕೆಲವು ಗಂಟೆ ತಡೆದು ಹಿಡಿದರೆ ಎಷ್ಟು ಜನ ಮನಸ್ಸು ಬದಲಿಸುತ್ತಾರೆ? ಒಮ್ಮೆ ಮೋಸ ಹೋದವರು ಕರ್ಕ್‌ಹೋಲ್ಟ್‌ನ ಮನೆಗಳ ಹಾಗೆ ಮತ್ತೆ ಗುರಿಯಾಗುತ್ತಾರಾ? ಇವಕ್ಕೆಲ್ಲ ಚೀಟಿ ಎತ್ತುವ ಪ್ರಯೋಗ ಬೀದಿಗಿಂತ ಸುಲಭ, ಯಾಕೆಂದರೆ ಗುಂಡಿ ಒತ್ತಿ ಅರ್ಧ ಜನರಿಗೆ ಒಂದು ಸಂದೇಶ, ಉಳಿದವರಿಗೆ ಇನ್ನೊಂದು ಕಳಿಸಬಹುದು. ಡೇಟಾ ಇರುವ ಕಂಪನಿಗಳು ಬಾಗಿಲು ತೆರೆಯಬೇಕಷ್ಟೆ. ವಂಚನೆಯದ್ದಲ್ಲದಿದ್ದರೂ ಆನ್‌ಲೈನ್ ಎಚ್ಚರಿಕೆಯ ಒಂದು ಚಂದದ ಉದಾಹರಣೆ ಇದೆ. ಹಣ ಕೊಟ್ಟರೆ ಬೇರೆಯವರ ವೆಬ್‌ಸೈಟ್ ಕೆಡವುವ ಸೇವೆಗಳಿವೆ, ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಎಳೆಯರು. 2017ರ ಕೊನೆಯಿಂದ ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆ, ಅಂಥದ್ದನ್ನು ಗೂಗಲ್‌ನಲ್ಲಿ ಹುಡುಕಿದವರಿಗೆ "ಇದು ಅಪರಾಧ" ಅಂತ ಜಾಹೀರಾತು ತೋರಿಸಿತು. ಆ ತಿಂಗಳುಗಳಲ್ಲಿ ಅಮೆರಿಕದಲ್ಲಿ ಇಂಥ ದಾಳಿಗಳು ಏರುತ್ತಲೇ ಇದ್ದವು, ಬ್ರಿಟನ್ನಿನಲ್ಲಿ ಏರಿಕೆ ನಿಂತಿತು. ಬಂಧನವಿಲ್ಲ, ಬೆದರಿಕೆಯಿಲ್ಲ, ಒಂದು ಸಾಲಿನ ಜಾಹೀರಾತು.

ವಂಚನೆಯ ಇನ್ನೊಂದು ತುದಿ ಕರಾಳ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸುತ್ತಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತು. ಫೋನಿನ ಆ ತುದಿಯಲ್ಲಿರುವವನೂ ಸಿಕ್ಕಿಬಿದ್ದವನೇ. ಇಂಥ ಕಡೆ "ಅಪರಾಧಿಯನ್ನು ತಡೆಯುವುದು" ಅಂದರೆ ಏನು ಅನ್ನುವ ಪ್ರಶ್ನೆಗೆ ನಮ್ಮ ಹಳೆಯ ಸಿದ್ಧಾಂತಗಳಲ್ಲಿ ಉತ್ತರವಿಲ್ಲ.

ಕೊನೆಗೆ ನಿಮಗೆ ಎಲ್ಲರೂ ಹೇಳುತ್ತಿರುವ ಕೃತಕ ಬುದ್ಧಿಮತ್ತೆ. ಊಹಿಸುವ ಯಂತ್ರಕ್ಕೆ ನಾವು ಉಣಿಸುವುದು ಅದೇ ಸೋರುವ ಪೊಲೀಸ್ ದಾಖಲೆಯನ್ನು. 2016ರಲ್ಲಿ ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ ಅಮೆರಿಕದ ಓಕ್ಲೆಂಡ್‌ನ ಮಾದಕ ವಸ್ತು ಪ್ರಕರಣಗಳನ್ನು ಇಂಥ ಒಂದು ಯಂತ್ರಕ್ಕೆ ಕೊಟ್ಟು ನೋಡಿದರು. ಮಾದಕ ವಸ್ತು ಬಳಕೆ ಊರಿನ ತುಂಬಾ ಹರಡಿತ್ತು, ಯಂತ್ರ ಮಾತ್ರ ಪೊಲೀಸರು ಮೊದಲಿಂದಲೂ ಹೆಚ್ಚು ಹೋಗುತ್ತಿದ್ದ ಕಡೆಗೇ ಮತ್ತೆ ಹೋಗಿ ಅಂದಿತು. ಹೋದರೆ ಅಲ್ಲೇ ಹೆಚ್ಚು ಪ್ರಕರಣ ಸಿಗುತ್ತದೆ. ಸಿಕ್ಕದ್ದು ಮತ್ತೆ ಯಂತ್ರದ ಹೊಟ್ಟೆಗೆ. ಗಾಣದ ಎತ್ತು ಸುತ್ತಿದ ಹಾಗೆ. 2012ರಲ್ಲಿ ಅಮೆರಿಕದ ಶ್ರೀವ್‌ಪೋರ್ಟ್ ನಗರದಲ್ಲಿ ಊಹೆಯ ನಕ್ಷೆ ಹಿಡಿದು ಗಸ್ತು ಮಾಡಿದ ಪ್ರಯೋಗದಲ್ಲಿ ಆಸ್ತಿ ಅಪರಾಧ ಇಳಿದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಊಹೆ ಎಷ್ಟು ಶೇಕಡಾ ಸರಿ ಅನ್ನುವುದರ ಮೇಲೆ ನೂರಾರು ಪ್ರಬಂಧಗಳಿವೆ. ಊಹಿಸಿದ ಮೇಲೆ ಅಲ್ಲಿಗೆ ಹೋಗಿ ಏನು ಮಾಡಬೇಕು, ಅದರಿಂದ ಅಲ್ಲಿನ ಜನರಿಗೆ ಏನಾಯಿತು ಅನ್ನುವುದರ ಮೇಲೆ ಬೆರಳೆಣಿಕೆಯಷ್ಟು.

ಯಾವುದನ್ನು ಬಿಡಬಹುದು ಅಂತಲೂ ಹೇಳಿಬಿಡುತ್ತೇನೆ. ಕ್ಯಾಮೆರಾದ ಮೇಲೆ ಇನ್ನೊಂದು "ಹಾಕುವ ಮೊದಲು, ಹಾಕಿದ ಮೇಲೆ" ಅಧ್ಯಯನ ಬೇಡ. ನಲವತ್ತು ವರ್ಷಗಳ ಅಧ್ಯಯನಗಳನ್ನು 2019ರಲ್ಲಿ ಒಟ್ಟು ಮಾಡಿದ್ದಾರೆ. ಅಪರಾಧ ಸರಾಸರಿ 13 ಶೇಕಡಾ ಇಳಿಯುತ್ತದೆ, ಹೆಚ್ಚು ಲಾಭ ವಾಹನ ನಿಲ್ಲಿಸುವ ಜಾಗಗಳಲ್ಲಿ, ಹಿಂಸೆಯ ಮೇಲೆ ಸ್ಪಷ್ಟ ಪರಿಣಾಮ ಇಲ್ಲ. ಅಷ್ಟು ಸಾಕು. ಪಾಳು ಜಾಗ ಸ್ವಚ್ಛ ಮಾಡುವುದು ಮಾತ್ರ ಇನ್ನಷ್ಟು ಪರೀಕ್ಷೆಗೆ ಯೋಗ್ಯ. ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳ ಪ್ರಯೋಗದಲ್ಲಿ ಬಡ ಬಡಾವಣೆಗಳ ಬಂದೂಕು ಹಿಂಸೆ 29 ಶೇಕಡಾ ಇಳಿದಿತ್ತು. ಕಸ ತೆಗೆದು ಹುಲ್ಲು ಹಾಕಿದ್ದಕ್ಕೆ! ಇದರಿಂದ ಯಾರಿಗೂ ಕೆಡುಕಾಗುವುದು ಕಷ್ಟ, ಅದೇ ನನಗೆ ಇಷ್ಟ.

ನೀವು ಒಬ್ಬರೇ, ಕೈಯಲ್ಲಿ ಮೂರ್ನಾಲ್ಕು ವರ್ಷ. ಸಾವಿರಾರು ಬೀದಿಗಳ ಪ್ರಯೋಗ ನಿಮ್ಮಿಂದ ಆಗದು. ಆದರೆ ಒಂದು ಆಸ್ಪತ್ರೆಯ ತುರ್ತು ವಿಭಾಗದ ಲೆಕ್ಕವನ್ನೂ ಹತ್ತಿರದ ಠಾಣೆಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಸೋರಿಕೆ ಅಂತ ತೋರಿಸುವುದು ಆಗುತ್ತದೆ. ಅನುಮತಿಗೆ ಮೊದಲ ವರ್ಷವೇ ಅರ್ಜಿ ಹಾಕಿ, ಅದಕ್ಕೇ ಆರು ತಿಂಗಳು ಹಿಡಿಯುತ್ತದೆ. ಮಾರ್ಗದರ್ಶಕರು ಕೃತಕ ಬುದ್ಧಿಮತ್ತೆ ಬೇಕೇ ಬೇಕು ಅಂದರೆ ಅದಕ್ಕೂ ಇಲ್ಲಿ ಜಾಗವಿದೆ. ವೈದ್ಯರು ಗೀಚಿದ ಸಾವಿರಾರು ಟಿಪ್ಪಣಿಗಳಲ್ಲಿ "ಮೆಟ್ಟಿಲಿಂದ ಬಿದ್ದೆ" ಅಂತ ಬರೆಸಿದ ಗಾಯಗಳಲ್ಲಿ ಯಾವುವು ಹಲ್ಲೆಯ ಗಾಯದಂತೆ ಕಾಣುತ್ತವೆ ಅಂತ ಬೇರ್ಪಡಿಸಲು ಯಂತ್ರಕ್ಕೆ ಕೊಡಿ. ಆಮೇಲೆ ಅದರಲ್ಲಿ ಇನ್ನೂರನ್ನು ಇಬ್ಬರು ಅನುಭವಿ ವೈದ್ಯರಿಗೆ ತೋರಿಸಿ, ಯಂತ್ರ ಎಲ್ಲಿ ತಪ್ಪಿತು ಅಂತ ನೋಡಿ.